ದೆವ್ವದ ಫಿರ್ಯಾದು: ಮದರಾಸಿನ ಅಗ್ಗದ ಚಿತ್ರಗಳೂ ನಮ್ಮ ನ್ಯಾಯಪ್ರಜ್ಞೆಯೂ

1

ಕನ್ನಡ ವಿಭಾಗವೊಂದು ಹೊರತರುವ ಸ್ಮರಣ ಸಂಪುಟದಲ್ಲಿ, ಶಾಸನ, ಛಂದಸ್ಸು, ನಿಘಂಟು, ಹಸ್ತಪ್ರತಿಗಳನ್ನು ಕುರಿತ ಲೇಖನಗಳ ನಡುವೆ, ದೆವ್ವದ ಸಿನಿಮಾಗಳ ಬಗೆಗಿನ ಬರಹವೊಂದು ಕಾಣಿಸಿಕೊಳ್ಳುವುದು ಕೆಲವರಿಗಾದರೂ ಅನುಚಿತವೆನಿಸೀತು. ಅದರಲ್ಲಿಯೂ ನಾನು ಇಲ್ಲಿ ಎತ್ತಿಕೊಂಡಿರುವುದು ಪ್ರಶಸ್ತಿ ಪಡೆದ ಕಲಾತ್ಮಕ ಚಿತ್ರಗಳನ್ನಲ್ಲ. ಅಲ್ಪ ಬಂಡವಾಳದಲ್ಲಿ ತಯಾರಾಗಿ, ಕೊಲೆ-ಕಳ್ಳತನಗಳ ಕಥೆಗೆ ಭೂತಪ್ರೇತಗಳ ಭಯವನ್ನು ಬೆರೆಸಿ, ಟೂರಿಂಗ್ ಟಾಕೀಸಿನ ನೆಲದ ಮೇಲೆ ಕುಳಿತವರಿಂದ ಹಿಡಿದು ಇಂದಿನ ನಗರದ ಯುವಕರವರೆಗೆ ಎಲ್ಲರನ್ನೂ ಸೆಳೆದ ಚಿತ್ರಗಳು ಇಲ್ಲಿನ ವಸ್ತು. ಇವುಗಳನ್ನು ವಿದ್ವಾಂಸರು ನೋಡಿಲ್ಲವೆಂದಲ್ಲ. ನೋಡಿದ್ದನ್ನು ಹೇಳಿಕೊಂಡಿಲ್ಲ, ಅಷ್ಟೆ.

ಈ ಮೌನಕ್ಕೆ ಪಾಂಡಿತ್ಯದ ಸಮರ್ಥನೆಯಿಲ್ಲ. ಪತ್ತೇದಾರಿ ಮತ್ತು ಅತಿಮಾನುಷಗಳ ಬೆರಕೆ ಕನ್ನಡಕ್ಕೆ ಹೊರಗಿನಿಂದ ಬಂದ ಸರಕೇನೂ ಅಲ್ಲ. ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆಯನ್ನೇ ನೆನೆಯಬಹುದು. ಅಲ್ಲಿ ಕಳವಿನ ವಿದ್ಯೆಯಲ್ಲಿ ನಿಪುಣನಾದ ಕಳ್ಳನಿದ್ದಾನೆ, ಅವನನ್ನು ಹಿಡಿಯಬೇಕಾದ ಯಮದಂಡನೆಂಬ ತಳಾರನಿದ್ದಾನೆ, ಕಳ್ಳನು ರಿಸಿಯಾದ ಮೇಲೆ ಅವನನ್ನು ಪೀಡಿಸುವ ದೇವತೆಯೂ ಇದ್ದಾಳೆ. ಅಪರಾಧ, ವಿಚಾರಣೆ, ಅತಿಮಾನುಷದ ಪ್ರವೇಶ ಎಂಬ ಮೂರು ಅಂಗಗಳೂ ಒಂದೇ ಕಥೆಯಲ್ಲಿ ಕೂಡಿವೆ. ಹತ್ತನೆಯ ಶತಮಾನದ ಗದ್ಯದಲ್ಲಿ ನಾವು ಗೌರವದಿಂದ ಓದುವ ಈ ವಿನ್ಯಾಸವನ್ನು ಇಪ್ಪತ್ತನೆಯ ಶತಮಾನದ ತೆರೆಯ ಮೇಲೆ ಕಂಡೊಡನೆ ತಿರಸ್ಕರಿಸುವುದು ಮಡಿವಂತಿಕೆಯೇ ಹೊರತು ವಿಮರ್ಶೆಯಲ್ಲ.

ಪ್ರಸ್ತುತ ಲೇಖನದ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಚಿತ್ರಗಳ ದೆವ್ವ ಮೂಲತಃ ಒಬ್ಬ ಫಿರ್ಯಾದಿ. ತನಗಾದ ಅನ್ಯಾಯವನ್ನು ಕಾನೂನಿನ ಮುಂದೆ ಹೇಳಲಾರದೆ ಹೋದವರು, ಅಥವಾ ಹೇಳಿದರೂ ಕೇಳುವವರಿಲ್ಲದೆ ಸತ್ತವರು, ತೆರೆಯ ಮೇಲೆ ದೆವ್ವವಾಗಿ ಬರುತ್ತಾರೆ. ಆ ದೆವ್ವ ಸುಳ್ಳೋ ನಿಜವೋ ಎಂಬ ಪ್ರಶ್ನೆಗೆ ಚಿತ್ರವು ಕೊಡುವ ಉತ್ತರದಲ್ಲಿ, ಆ ಕಾಲದ ಜನ ಪೊಲೀಸು, ಕೋರ್ಟು, ಸರಕಾರಗಳ ಮೇಲೆ ಇಟ್ಟ ನಂಬಿಕೆ ಎಷ್ಟು, ಕಳೆದುಕೊಂಡ ನಂಬಿಕೆ ಎಷ್ಟು ಎಂಬುದು ದಾಖಲಾಗಿರುತ್ತದೆ. ಇಂಥ ದಾಖಲೆಯನ್ನು ಕಾಪಾಡುವ, ಓದುವ ಹೊಣೆಯಲ್ಲಿ ಚೆನ್ನೈಯ ಕನ್ನಡ ಅಧ್ಯಯನಕ್ಕೆ ವಿಶೇಷ ಪಾಲಿದೆ.

2

ನಮ್ಮದನ್ನು ಸರಿಯಾಗಿ ಕಾಣಲು ಕೆಲವೊಮ್ಮೆ ದೂರದ ಕನ್ನಡಿ ಬೇಕಾಗುತ್ತದೆ. ಇಂಥ ಚಿತ್ರಗಳ ದೊಡ್ಡ ಪರಂಪರೆ ಇರುವುದು ಮೆಕ್ಸಿಕೋ ದೇಶದಲ್ಲಿ. ರಾತ್ರಿ ಅಳುತ್ತಾ ಅಲೆಯುವ ತಾಯಿಯ ಪ್ರೇತದ ಜಾನಪದ ಕಥೆಯನ್ನು ಅಲ್ಲಿಯ ಚಿತ್ರರಂಗ 1933ರಲ್ಲೇ 'ಲಾ ಯೊರೋನಾ' ಎಂಬ ಹೆಸರಿನಲ್ಲಿ ತೆರೆಗೆ ತಂದಿತು. 1950ರ ದಶಕದ ಕೊನೆಯಿಂದ ಎರಡು ದಶಕಗಳ ಕಾಲ ಅಲ್ಲಿ ಆಳಿದವನು ಬೆಳ್ಳಿಯ ಬಣ್ಣದ ಮುಸುಕು ಧರಿಸಿದ ಒಬ್ಬ ಜಟ್ಟಿ. ಕುಸ್ತಿಯ ಅಖಾಡದಲ್ಲಿ ಅವನ ಹೆಸರು ಸಾಂತೋ, ಎಂದರೆ ಸಂತ. ಐವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಅವನು ಕಳ್ಳರು, ಕೊಲೆಗಡುಕರು, ರಕ್ತಪಿಶಾಚಿಗಳು, ಸತ್ತು ಎದ್ದವರು ಎಲ್ಲರೊಡನೆಯೂ ಹೋರಾಡಿದನು. 1960ರ ದಶಕದ ಆರಂಭದ ಒಂದು ಚಿತ್ರದಲ್ಲಿ ದುಷ್ಟನೊಬ್ಬ ಸತ್ತವರನ್ನು ಎಬ್ಬಿಸಿ ಅವರಿಂದ ಕಳ್ಳತನ ಮಾಡಿಸುತ್ತಾನೆ, ಗುಂಡು ತಗಲಿದರೂ ಬೀಳದ ಇಂಥ ಕಳ್ಳರ ಮುಂದೆ ಪೊಲೀಸರು ಅಸಹಾಯಕರಾಗುತ್ತಾರೆ, ಸಾಂತೋ ಬರಬೇಕಾಗುತ್ತದೆ. ಅವನು 1984ರಲ್ಲಿ ತೀರಿಕೊಂಡಾಗ ಮುಸುಕಿನೊಂದಿಗೇ ಅವನನ್ನು ಮಣ್ಣು ಮಾಡಿದರು.

ಈ ಚಿತ್ರಗಳ ರೂಪವನ್ನು ನಿರ್ಧರಿಸಿದ್ದು ಬಹುಮಟ್ಟಿಗೆ ಬಡತನ. ಮೆಕ್ಸಿಕೋ ನಗರದ ಅಮೇರಿಕಾ ಸ್ಟುಡಿಯೋದಲ್ಲಿ, ಕಾರ್ಮಿಕ ಸಂಘಗಳ ನಡುವಿನ ಹಂಚಿಕೆಯ ಕಾರಣ, ಪೂರ್ಣ ಪ್ರಮಾಣದ ಕಥಾಚಿತ್ರ ತೆಗೆಯುವಂತಿರಲಿಲ್ಲ. ಆದ್ದರಿಂದ ನಿರ್ಮಾಪಕರು ಕಿರುಕಂತುಗಳಾಗಿ ಚಿತ್ರೀಕರಿಸಿ ಅನಂತರ ಅವುಗಳನ್ನು ಜೋಡಿಸಿ ಒಂದು ಚಿತ್ರವೆಂದು ತೋರಿಸಿದರು. ಕಥೆ ತುಂಡುತುಂಡಾಗಿರುವುದಕ್ಕೆ ನಿರ್ದೇಶಕನ ಅಸಾಮರ್ಥ್ಯವೊಂದೇ ಕಾರಣವಲ್ಲ. ಒಂದು ಉದ್ಯಮದ ಒಳಗಿನ ಒಪ್ಪಂದವೂ ಕಾರಣ. ಅಗ್ಗದ ಚಿತ್ರವನ್ನು ಓದುವವನು ತೆರೆಯನ್ನು ನೋಡಿದರೆ ಸಾಲದು, ತೆರೆಯ ಹಿಂದಿನ ಲೆಕ್ಕದ ಪುಸ್ತಕವನ್ನೂ ನೋಡಬೇಕೆಂಬ ಪಾಠ ಇದರಲ್ಲಿದೆ.

ಈ ಪಾಠವನ್ನು ಮದರಾಸಿಗೆ ಅನ್ವಯಿಸಿ ನೋಡೋಣ. ಕನ್ನಡ ಚಿತ್ರರಂಗ ದಶಕಗಳ ಕಾಲ ಬಾಳಿದ್ದು ಈ ಊರಿನ ಕೋಡಂಬಾಕಂ, ವಡಪಳನಿ, ಸಾಲಿಗ್ರಾಮಗಳಲ್ಲಿ. ಇಲ್ಲಿ ಸ್ಟುಡಿಯೋ ಬಾಡಿಗೆಗೆ ಸಿಗುತ್ತಿತ್ತು, ಸಂಸ್ಕರಣೆಯ ಲ್ಯಾಬೊರೇಟರಿ ಹತ್ತಿರವಿತ್ತು, ತಂತ್ರಜ್ಞರು ನಾಲ್ಕು ಭಾಷೆಗಳ ಚಿತ್ರಗಳಿಗೂ ದುಡಿಯುತ್ತಿದ್ದರು. ಮಾರುಕಟ್ಟೆ ಚಿಕ್ಕದಾದ ಕನ್ನಡ ಚಿತ್ರಕ್ಕೆ ದೊರೆಯುವ ಹಣವೂ ಕಡಿಮೆ. ದೊಡ್ಡ ತಮಿಳು, ತೆಲುಗು ಚಿತ್ರಗಳ ಪಕ್ಕದ ಅಂಕಣದಲ್ಲಿ ಸಣ್ಣ ಲೆಕ್ಕದಲ್ಲಿ ಕೆಲಸ ಮುಗಿಸಬೇಕಾದ ಸ್ಥಿತಿ ಅದರದು.

ಈ ಸ್ಥಿತಿಯಲ್ಲಿ ಎರಡು ಕವಲುಗಳು ಬೆಳೆದವು. ಒಂದು ಅಪರಾಧದ್ದು. ದೊರೈ-ಭಗವಾನ್ ಜೋಡಿಯ 'ಜೇಡರ ಬಲೆ' (1968), ಅದೇ ವರ್ಷದ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷದ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' ಈ ಕವಲಿನ ಪ್ರಸಿದ್ಧ ಉದಾಹರಣೆಗಳು. ಪುರಾಣ ಪುರುಷರ ಪಾತ್ರಗಳಲ್ಲಿ ಜನ ಕಂಡಿದ್ದ ರಾಜ್‌ಕುಮಾರ್ ಇವುಗಳಲ್ಲಿ ಸೂಟು ಧರಿಸಿದ ಗೂಢಚಾರರಾದರು. ಇಲ್ಲಿ ಅಪರಾಧಿಗೆ ಎದುರಾಗುವುದು ಸರಕಾರದ ನೌಕರ. ಅವನಿಗೊಂದು ಸಂಖ್ಯೆಯಿದೆ, ಅವನ ಹಿಂದೆ ಒಂದು ಇಲಾಖೆಯಿದೆ. ದೆವ್ವಕ್ಕೆ ಇಲ್ಲಿ ಜಾಗವಿಲ್ಲ.

ಇನ್ನೊಂದು ಕವಲಿನ ಮೂಲಪುರುಷರು ಬಿ. ವಿಠಲಾಚಾರ್ಯರು. ಉಡುಪಿಯ ಬಳಿಯ ಉದ್ಯಾವರದಲ್ಲಿ 1920ರಲ್ಲಿ ಹುಟ್ಟಿ, ಅರಸೀಕೆರೆಯಲ್ಲಿ ಹೋಟೆಲು ನಡೆಸಿ, ಟೂರಿಂಗ್ ಟಾಕೀಸಿನ ಮೂಲಕ ಸಿನಿಮಾಕ್ಕೆ ಬಂದವರು ಅವರು. ಡಿ. ಶಂಕರ್ ಸಿಂಗ್ ಅವರೊಡನೆ ಮೈಸೂರಿನ ಮಹಾತ್ಮ ಪಿಕ್ಚರ್ಸ್ ಸಂಸ್ಥೆಯಲ್ಲಿ ದುಡಿದು, 1950ರ ದಶಕದಲ್ಲಿ ತಮ್ಮದೇ ಸಂಸ್ಥೆ ಕಟ್ಟಿಕೊಂಡು ಮದರಾಸಿನಲ್ಲಿ ನೆಲೆಸಿದರು. ತೆಲುಗಿನಲ್ಲಿ ಅವರಿಗೆ ದೊರೆತ ಬಿರುದು 'ಜಾನಪದ ಬ್ರಹ್ಮ'. ಮಹಾತ್ಮ ಪಿಕ್ಚರ್ಸ್ 1951ರಲ್ಲಿ ಕನ್ನಡದಲ್ಲಿ ತೆಗೆದ 'ಜಗನ್ಮೋಹಿನಿ'ಯ ಹೆಸರನ್ನೇ ಹೊತ್ತ ಅವರ 1978ರ ತೆಲುಗು ಚಿತ್ರದಲ್ಲಿ, ಮನೆ ಸೇರಿದ ದೆವ್ವವೊಂದು ಒಲೆಗೆ ಸೌದೆಯ ಬದಲು ತನ್ನ ಕಾಲುಗಳನ್ನೇ ಇಟ್ಟು ಅಡುಗೆ ಮಾಡುವ ದೃಶ್ಯವಿದೆ. ನೋಡಿದವರು ಮರೆಯಲಾರದ ಈ ದೃಶ್ಯಕ್ಕೆ ತಗಲಿದ್ದು ಒಂದು ಒಲೆ, ಒಬ್ಬ ನಟಿ, ಕೆಲವು ಕ್ಯಾಮರಾ ಚಮತ್ಕಾರ. ನಾಯಕನಟ ಕಾಲ್‌ಷೀಟು ಕೊಡದೆ ಸತಾಯಿಸಿದರೆ ಆಚಾರ್ಯರು ಕಥೆಯಲ್ಲಿ ಅವನಿಗೆ ಶಾಪ ಕೊಡಿಸಿ ಗಿಳಿಯನ್ನೋ ಕುರಿಯನ್ನೋ ಮಾಡಿ ಚಿತ್ರೀಕರಣ ಮುಂದುವರಿಸುತ್ತಿದ್ದರೆಂಬ ಮಾತು ಚಿತ್ರರಂಗದಲ್ಲಿ ಪ್ರಚಲಿತ. ಮಾತು ದಂತಕಥೆಯೇ ಇರಬಹುದು. ಆದರೆ ಅತಿಮಾನುಷ ಎಂಬುದು ಅಗ್ಗದ ಚಿತ್ರಕ್ಕೆ ಹೇಗೆ ಅನುಕೂಲವಾಗುತ್ತದೆ ಎಂಬುದನ್ನು ಅದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ದೆವ್ವಕ್ಕೆ ಸಂಭಾವನೆಯಿಲ್ಲ. ಒಂದು ಹಳೆಯ ಬಂಗಲೆ, ಒಂದು ರಾತ್ರಿ, ಬಾಗಿಲು ಕಿರುಗುಟ್ಟುವ ಸದ್ದು ಇದ್ದರೆ ಅದು ಬರುತ್ತದೆ.

3

ಈ ಎರಡು ಕವಲುಗಳು ಕೂಡಿದಲ್ಲಿ ನಮ್ಮ ಪ್ರಸ್ತುತ ವಸ್ತು ಆರಂಭವಾಗುತ್ತದೆ. ಅಪರಾಧದ ಕಥೆಗೆ ದೆವ್ವ ಬಂದಾಗ ಅದು ಎರಡು ಬಗೆಯಲ್ಲಿ ಬರಬಹುದು. ಸುಳ್ಳು ದೆವ್ವವಾಗಿ ಬರಬಹುದು; ನಿಜವಾದ ದೆವ್ವವಾಗಿ ಬರಬಹುದು. ಈ ಭೇದವನ್ನು ಕೇವಲ ತಂತ್ರದ ಭೇದವೆಂದು ತಿಳಿಯಬಾರದು. ಎರಡರ ಹಿಂದೆಯೂ ಲೋಕವನ್ನು ನೋಡುವ ಎರಡು ಬೇರೆ ದೃಷ್ಟಿಗಳಿವೆ.

ಸುಳ್ಳು ದೆವ್ವದ ಕಥೆಯಲ್ಲಿ ಭೂತವೆಂಬುದು ಅಪರಾಧಿಯ ವೇಷ. ಹಿಂದಿಯ 'ವೋ ಕೌನ್ ಥೀ' (1964) ಚಿತ್ರವನ್ನು ಆಧರಿಸಿ ಇಲ್ಲಿ ತಯಾರಾದ ತಮಿಳಿನ 'ಯಾರ್ ನೀ' (1966) ಇದಕ್ಕೆ ಸ್ಪಷ್ಟ ನಿದರ್ಶನ. ಬಿಳಿಯ ಸೀರೆ, ಮಂಜು, ಹಾಡು, ನಡುರಾತ್ರಿ ಎಲ್ಲವೂ ಇದ್ದು, ಕೊನೆಗೆ ಹೊರಬೀಳುವುದು ಆಸ್ತಿಗಾಗಿ ಹೂಡಿದ ಸಂಚು. ಕನ್ನಡದಲ್ಲಿ ಉಪೇಂದ್ರ ಅವರ 'ಶ್!' (1993) ಈ ಬಗೆಯನ್ನು ಲವಲವಿಕೆಯಿಂದ ಮುಂದುವರಿಸಿತು. ಚಿತ್ರೀಕರಣಕ್ಕೆಂದು ಹೋದ ತಂಡವೇ ಇಲ್ಲಿ ಭಯಕ್ಕೆ ಸಿಕ್ಕುತ್ತದೆ. ದೆವ್ವವನ್ನು ಸೃಷ್ಟಿಸಿ ಹೊಟ್ಟೆ ಹೊರೆಯುವ ಸಿನಿಮಾದವರೇ ದೆವ್ವಕ್ಕೆ ಹೆದರಬೇಕಾದ ವ್ಯಂಗ್ಯ ಅಲ್ಲಿದೆ. ಅದಕ್ಕೂ ಮೊದಲು ಕಾಶೀನಾಥ್ ಅವರ 'ಅಪರಿಚಿತ' (1978), ಸುನಿಲ್ ಕುಮಾರ್ ದೇಸಾಯಿ ಅವರ 'ತರ್ಕ' (1989) ಅಲ್ಪ ವೆಚ್ಚದಲ್ಲಿ, ದೊಡ್ಡ ತಾರಾಬಲದ ಹಂಗಿಲ್ಲದೆ ಕುತೂಹಲವನ್ನು ಕಟ್ಟುವ ಬಗೆಯನ್ನು ಕನ್ನಡದಲ್ಲಿ ನೆಲೆಗೊಳಿಸಿದ್ದವು.

ಸುಳ್ಳು ದೆವ್ವದ ಚಿತ್ರಕ್ಕೆ ಒಂದು ನಂಬಿಕೆಯ ಅಡಿಪಾಯವಿದೆ. ಕತ್ತಲೆಗೆ ದೀಪ ಹಿಡಿದರೆ ಮನುಷ್ಯ ಕಾಣುತ್ತಾನೆ. ಮನುಷ್ಯನನ್ನು ಹಿಡಿದುಕೊಟ್ಟರೆ ಕಾನೂನು ಶಿಕ್ಷಿಸುತ್ತದೆ ಎಂಬ ನಂಬಿಕೆ ಅದು. ಕೊನೆಯ ದೃಶ್ಯದಲ್ಲಿ ಬರುವ ಪೊಲೀಸ್ ಜೀಪನ್ನು ನಾವು ಎಷ್ಟೇ ಹಾಸ್ಯ ಮಾಡಿದರೂ, ಆ ಜೀಪು ಬರುತ್ತದೆ ಎಂಬ ಭರವಸೆ ಇದ್ದ ಸಮಾಜ ಮಾತ್ರ ಅಂಥ ದೃಶ್ಯವನ್ನು ಒಪ್ಪೀತು. ಸ್ವಾತಂತ್ರ್ಯಾನಂತರದ ಮೊದಲ ದಶಕಗಳ ಆಶಾವಾದ ಅದರಲ್ಲಿದೆ. ಪೆರಿಯಾರ್ ಅವರ ವಿಚಾರವಾದ ಬೀದಿ ಬೀದಿಯಲ್ಲಿ ಕೇಳಿಬರುತ್ತಿದ್ದ ಮದರಾಸಿನಲ್ಲಿ ದೆವ್ವದ ಮುಸುಕನ್ನು ಕಿತ್ತುಹಾಕುವ ಕಥೆಗೆ ಒಂದು ಸಹಜವಾದ ಮನ್ನಣೆಯೂ ಇದ್ದಿರಬೇಕು.

ಈ ಬಗೆಯ ಒಳಗೇ ನಡೆದ ಒಂದು ಪಲ್ಲಟವನ್ನು ಚೆನ್ನೈಯ ಇನ್ನೊಂದು ಅಲ್ಪವೆಚ್ಚದ ಚಿತ್ರದಲ್ಲಿ ಕಾಣಬಹುದು. ಕಾರ್ತಿಕ್ ಸುಬ್ಬರಾಜ್ ಅವರ ಮೊದಲ ಚಿತ್ರ 'ಪಿಜ್ಜಾ' (2012) ಮರುವರ್ಷ ಕನ್ನಡದಲ್ಲಿ 'ವಿಷಲ್' ಎಂಬ ಹೆಸರಿನಿಂದ ಬಂದಿತು. ಪಿಜ್ಜಾ ತಲುಪಿಸುವ ಹುಡುಗನೊಬ್ಬ ಒಂದು ಮನೆಯಲ್ಲಿ ತಾನು ಕಂಡ ಭೀಕರ ದೆವ್ವಗಳ ವೃತ್ತಾಂತವನ್ನು ಹೇಳುತ್ತಾನೆ. ಪ್ರೇಕ್ಷಕರು ಅದನ್ನು ಕಣ್ಣಾರೆ ಕಂಡು ನಡುಗುತ್ತಾರೆ. ಕಟ್ಟಕಡೆಗೆ ಅದೆಲ್ಲವೂ, ಕೈಗೆ ಸಿಕ್ಕ ವಜ್ರಗಳನ್ನು ಮಾಲೀಕನಿಂದ ಮುಚ್ಚಿಡಲು ಅವನು ಹೆಣೆದ ಕಟ್ಟುಕಥೆಯೆಂದು ತಿಳಿಯುತ್ತದೆ. ಹಳೆಯ ಚಿತ್ರಗಳಲ್ಲಿ ಸುಳ್ಳು ದೆವ್ವವನ್ನು ಸೃಷ್ಟಿಸುತ್ತಿದ್ದವನು ಆಸ್ತಿವಂತನ ಮನೆಯ ದಾಯಾದಿ. ಇಲ್ಲಿ ಅವನು ಕೂಲಿಯ ಹುಡುಗ, ಮೋಸಹೋಗುವವನು ಒಡೆಯ. ಪ್ರೇಕ್ಷಕರ ಮೆಚ್ಚುಗೆ ಕಳ್ಳನ ಕಡೆಗಿದೆ. ಪೊಲೀಸರು ಬರಲಿ ಎಂದು ಯಾರೂ ಕಾಯುವುದಿಲ್ಲ. ಆದರೆ ಚಿತ್ರ ಅಲ್ಲಿಗೂ ನಿಲ್ಲದೆ, ಸುಳ್ಳು ಹೇಳಿದವನನ್ನು ಕೊನೆಗೆ ನಿಜವಾದ ದೆವ್ವವಿದೆಯೆಂದು ತೋರುವ ಮನೆಯ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ಮೊದಲ ಬಗೆಯಿಂದ ಎರಡನೆಯ ಬಗೆಗೆ ದಾಟುವ ಹೊಸ್ತಿಲು ಅದೇ.

4

ನಿಜವಾದ ದೆವ್ವದ ಬೇರುಗಳನ್ನು ಹುಡುಕಲು ಸಿನಿಮಾವನ್ನು ಸ್ವಲ್ಪ ಹೊತ್ತು ಬಿಟ್ಟು, ವಿಠಲಾಚಾರ್ಯರು ಹುಟ್ಟಿ ಬೆಳೆದ ನೆಲಕ್ಕೆ, ತುಳುನಾಡಿಗೆ ಹೋಗಬೇಕು. ಅಲ್ಲಿಯ ಕಲ್ಕುಡ-ಕಲ್ಲುರ್ಟಿ ಪಾಡ್ದನದ ವಸ್ತುವೇ ಒಂದು ಅಪರಾಧ. ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡನು ಇಂಥದೇ ಇನ್ನೊಂದು ಮೂರ್ತಿಯನ್ನು ಬೇರೆಡೆ ಕಡೆಯಬಾರದೆಂದು ಅರಸನು ಅವನ ಕೈಕಾಲು ಕಡಿಸುತ್ತಾನೆ. ಊನಗೊಂಡ ಶಿಲ್ಪಿ ವೇಣೂರಿಗೆ ಹೋಗಿ ಅಲ್ಲಿಯೂ ಗೊಮ್ಮಟನನ್ನು ನಿಲ್ಲಿಸುತ್ತಾನೆ. ತಂಗಿ ಕಲ್ಲುರ್ಟಿ ಅಣ್ಣನಿಗಾದ ಅನ್ಯಾಯವನ್ನು ಕಂಡು ಕೆರಳುತ್ತಾಳೆ. ಅಣ್ಣತಂಗಿಯರು ಭೂತಗಳಾಗಿ ಅರಸನ ಮೇಲೆ ಸೇಡು ತೀರಿಸಿಕೊಳ್ಳುತ್ತಾರೆ. ಇತಿಹಾಸದ ಲೆಕ್ಕದಲ್ಲಿ ಕಾರ್ಕಳದ ಮೂರ್ತಿ 1432ರದು, ವೇಣೂರಿನದು 1604ರದು. ಒಬ್ಬನೇ ಶಿಲ್ಪಿ ಎರಡನ್ನೂ ಕಡೆದಿರಲಾರ. ಆದರೆ ಪಾಡ್ದನಕ್ಕೆ ಬೇಕಾದದ್ದು ಕಾಲಗಣನೆಯಲ್ಲ. ಕೆಲಸ ಮಾಡಿಸಿಕೊಂಡು ಕೈ ಕಡಿದ ಒಡೆಯನಿಗೆ ಶಿಕ್ಷೆಯಾಯಿತೆ ಎಂಬುದು ಅದರ ಪ್ರಶ್ನೆ. ಅರಸನೇ ಅಪರಾಧಿಯಾದಾಗ ದೂರನ್ನು ಯಾರಲ್ಲಿ ಕೊಡುವುದು? ಬದುಕಿದ್ದವರಿಗೆ ದಾರಿಯಿಲ್ಲವೆಂದಾದಾಗ ಸತ್ತವರು ಎದ್ದುಬರುತ್ತಾರೆ. ಹೀಗೆ ಎದ್ದ ಭೂತ ಕೋಲದ ಅಂಗಳದಲ್ಲಿ ನಿಂತು ಊರವರ ವ್ಯಾಜ್ಯಗಳನ್ನೂ ತೀರ್ಮಾನಿಸುತ್ತದೆ, ಫಿರ್ಯಾದಿಯೇ ನ್ಯಾಯಾಧಿಪತಿಯಾಗುತ್ತದೆ.

ಈ ಭೂತಗಳ ಕಥೆಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಸಂಗ್ರಹಿಸಿದವರಲ್ಲಿ ಪ್ರಮುಖರು ಎ. ಸಿ. ಬರ್ನೆಲ್. ಅವರು ಮದರಾಸು ಸಿವಿಲ್ ಸೇವೆಗೆ ಸೇರಿದವರು, ನ್ಯಾಯಾಧೀಶರಾಗಿ ಕೆಲಸ ಮಾಡಿದವರು. ದಕ್ಷಿಣ ಕನ್ನಡ 1956ರವರೆಗೆ ಮದರಾಸಿಗೇ ಸೇರಿತ್ತು. ಬ್ರಿಟಿಷ್ ಕಾನೂನನ್ನು ಪಾಲಿಸುತ್ತಿದ್ದ ನ್ಯಾಯಾಧೀಶರೊಬ್ಬರು, ಇನ್ನೊಂದು ನ್ಯಾಯವ್ಯವಸ್ಥೆಯ ಕಡತಗಳನ್ನೋ ಎಂಬಂತೆ, ಭೂತಗಳ ಕಥೆಗಳನ್ನು ಕೂಡಿಸಿದರೆಂಬುದು ಅರ್ಥಪೂರ್ಣ. ಅವರು 1882ರಲ್ಲಿ ತೀರಿಕೊಂಡ ಮೇಲೆ, 1894ರಿಂದ ಅವು 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಅಚ್ಚಾದವು.

ಈ ಹಿನ್ನೆಲೆಯಲ್ಲಿ ಪವನ್ ಕುಮಾರ್ ಅವರ 'ಯು ಟರ್ನ್' (2016) ಚಿತ್ರವನ್ನು ನೋಡಬೇಕು. ಬೆಂಗಳೂರಿನ ಒಂದು ಮೇಲ್ಸೇತುವೆಯಲ್ಲಿ ಅಡ್ಡಲಾಗಿಟ್ಟ ಕಲ್ಲುಗಳನ್ನು ಸರಿಸಿ, ಸುತ್ತು ಹೊಡೆಯುವ ತೊಂದರೆ ತಪ್ಪಿಸಿಕೊಂಡು ಗಾಡಿ ತಿರುಗಿಸಿದವರು ಅದೇ ದಿನ ಸಾಯುತ್ತಾರೆ. ಪೊಲೀಸರ ಕಡತದಲ್ಲಿ ಅವು ಆತ್ಮಹತ್ಯೆಗಳು. ಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿರುವ ಹುಡುಗಿಯೊಬ್ಬಳು ಈ ಸಾವುಗಳ ನಡುವಿನ ನಂಟನ್ನು ಕಾಣುತ್ತಾಳೆ. ಹಿಂದೊಮ್ಮೆ ಯಾರೋ ಸರಿಸಿಬಿಟ್ಟ ಕಲ್ಲಿನಿಂದ ಒಬ್ಬ ತಾಯಿ ಮತ್ತು ಮಗು ಸತ್ತಿದ್ದಾರೆ. ಶಿಕ್ಷಿಸುತ್ತಿರುವವಳು ಆ ತಾಯಿ. ಆ ದಿನ ಕಲ್ಲು ಸರಿಸಿದವನು ಆಕೆಯ ಗಂಡನೇ ಆಗಿದ್ದನೆಂಬುದು ಕೊನೆಯ ಆಘಾತ. ದೊಡ್ಡ ತಾರೆಯರಿಲ್ಲದ ಈ ಚಿತ್ರ ಮಲಯಾಳ, ತಮಿಳು, ತೆಲುಗು, ಹಿಂದಿಗಳಿಗೆ ಹೋಯಿತು. ಮದರಾಸಿನಿಂದ ಕಥೆ ಎರವಲು ತರುತ್ತಿದ್ದ ಕನ್ನಡ ಈ ಬಾರಿ ಮದರಾಸಿಗೆ ಕಥೆ ಕೊಟ್ಟಿತು. ಅದಕ್ಕಿಂತ ಮುಖ್ಯವಾದುದು ಅದರ ಅಪರಾಧದ ಕಲ್ಪನೆ. ಇಲ್ಲಿ ಖಳನಾಯಕನಿಲ್ಲ. ನಿತ್ಯ ಎಲ್ಲರೂ ಮಾಡುವ, ಯಾವ ಪೊಲೀಸನೂ ಹಿಡಿಯದ, ಹಿಡಿದರೂ ಸಣ್ಣ ದಂಡದಲ್ಲಿ ಮುಗಿಯುವ ಉದಾಸೀನವೇ ಇಲ್ಲಿ ಕೊಲೆ. ಕಾನೂನಿಗೆ ಕಾಣದ ಅಪರಾಧವನ್ನು ಕಾಣಲು ದೆವ್ವ ಬೇಕಾಯಿತು.

ತಮಿಳಿನ 'ಕಾಂಚನಾ' (2011), ಅದರ ಕನ್ನಡ ರೂಪವಾಗಿ ರಾಮನಾರಾಯಣನ್ ನಿರ್ದೇಶಿಸಿದ 'ಕಲ್ಪನಾ' (2012) ಚಿತ್ರಗಳೂ ಇದೇ ದಾರಿಯವು. ತೃತೀಯ ಲಿಂಗಿಯೊಬ್ಬರು ಬಡವರಿಗಾಗಿ ಆಸ್ಪತ್ರೆ ಕಟ್ಟಲು ಕೊಂಡ ಭೂಮಿಯನ್ನು ರಾಜಕಾರಣಿ ಕಬಳಿಸಿ ಅವರನ್ನು ಕೊಲ್ಲುತ್ತಾನೆ. ಅವರ ಪ್ರೇತ ಅಂಜುಬುರುಕನೊಬ್ಬನ ಮೈಮೇಲೆ ಬಂದು ಸೇಡು ತೀರಿಸುತ್ತದೆ. ಬದುಕಿದ್ದಾಗ ಠಾಣೆಯಲ್ಲಿ ಗೌರವದ ಮಾತನ್ನೂ ನಿರೀಕ್ಷಿಸಲಾಗದವರು ಸತ್ತ ಮೇಲೆ ಮಾತ್ರ ನ್ಯಾಯ ಕೇಳಲು ಶಕ್ತರಾಗುತ್ತಾರೆ.

ಕರ್ನಾಟಕದ ಒಂದು ಜನಪ್ರಿಯ ವದಂತಿಯನ್ನೂ ಈ ಸಾಲಿಗೆ ಸೇರಿಸಬೇಕು. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಮುತ್ತ ಮನೆಗಳ ಬಾಗಿಲುಗಳ ಮೇಲೆ 'ನಾಳೆ ಬಾ' ಎಂಬ ಬರಹ ಕಾಣಿಸಿಕೊಂಡಿತು. ರಾತ್ರಿ ಬಂದು ಪರಿಚಿತರ ದನಿಯಲ್ಲಿ ಕರೆಯುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬುದು ನಂಬಿಕೆ. ನಗು ಬರಿಸುವ ಉಪಾಯವೇನೋ ಹೌದು. ಆದರೆ ಈ ಎರಡು ಪದಗಳನ್ನು ನಮ್ಮ ಜನ ಎಲ್ಲಿ ಕಲಿತರು? ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ, ಕೋರ್ಟಿನ ಆವರಣದಲ್ಲಿ ತಾವು ಕೇಳುತ್ತಾ ಬಂದ ಉತ್ತರವನ್ನೇ ಅವರು ದೆವ್ವಕ್ಕೂ ಕೊಟ್ಟರು.

5

ಇಷ್ಟು ಹೇಳಿದ ಮೇಲೆ ಆಕ್ಷೇಪಗಳಿಗೆ ಉತ್ತರಿಸಬೇಕು. ಮೊದಲನೆಯದು, ಇವೆಲ್ಲ ಅನುಕರಣೆಗಳು ಎಂಬುದು. ಬಹುಪಾಲು ಹೌದು. ಆದರೆ 1960ರ ದಶಕದಿಂದ ಡಬ್ಬಿಂಗ್‌ಗೆ ಇದ್ದ ವಿರೋಧದ ಕಾರಣ ಕನ್ನಡಕ್ಕೆ ಬಂದ ಪರಭಾಷೆಯ ಕಥೆಗಳು ಹೊಸದಾಗಿ ಚಿತ್ರೀಕರಣಗೊಂಡೇ ಬರಬೇಕಾಯಿತು. ಆಗ ಊರು, ಜಾತಿ, ಬೈಗುಳ, ದೇವರು, ಪೊಲೀಸನ ದನಿ ಎಲ್ಲವನ್ನೂ ಕನ್ನಡಕ್ಕೆ ಒಗ್ಗಿಸಬೇಕಾಯಿತು. ಅನುವಾದ, ರೂಪಾಂತರಗಳ ಬಗೆಗೆ ಇಷ್ಟೊಂದು ಬರೆದಿರುವ ನಾವು ಈ ರೂಪಾಂತರವನ್ನು ಮಾತ್ರ ಕಳ್ಳಮಾಲೆಂದು ತಳ್ಳುವುದು ಸಲ್ಲದು.

ಎರಡನೆಯದು, ಇವು ಮೂಢನಂಬಿಕೆಯನ್ನು ಬೆಳೆಸುತ್ತವೆ ಎಂಬ ಆಕ್ಷೇಪ. ಇದು ಗಂಭೀರವಾದುದು. ಅಮಾನವೀಯ ಆಚರಣೆಗಳನ್ನೂ ಮಾಟವನ್ನೂ ತಡೆಯಲು ಕರ್ನಾಟಕ 2017ರಲ್ಲಿ ಕಾನೂನನ್ನೇ ಮಾಡಬೇಕಾಗಿ ಬಂದ ನಾಡಿನಲ್ಲಿ, ದೆವ್ವ ಬಿಡಿಸುವ ಮಂತ್ರವಾದಿಯನ್ನು ನಾಯಕನಂತೆ ತೋರಿಸುವ ಚಿತ್ರವನ್ನು ಸಮರ್ಥಿಸಲಾಗದು. ಪ್ರೇತವಾಗಿ ಬರುವವರಲ್ಲಿ ಹೆಂಗಸರೇ ಹೆಚ್ಚು, ಅವರ ಕೋಪವನ್ನು ಕಟ್ಟಿಹಾಕುವವರಲ್ಲಿ ಗಂಡಸರೇ ಹೆಚ್ಚು ಎಂಬುದನ್ನೂ ಮರೆಯಬಾರದು. 'ನಾ ನಿನ್ನ ಬಿಡಲಾರೆ' (1979) ಚಿತ್ರದ ಕಾಮಿನಿಯನ್ನು ನೋಡಿ. ಅವಳ ಬಯಕೆಯೇ ಅಪರಾಧವೆಂದು ಮೊದಲೇ ತೀರ್ಮಾನವಾಗಿದೆ. ಅವಳ ಪಾಲಿಗೆ ಫಿರ್ಯಾದು ಕೂಡ ಇಲ್ಲ, ಉಚ್ಚಾಟನೆ ಮಾತ್ರ. 'ಕಾಂಚನಾ' ಕೂಡ ತೃತೀಯ ಲಿಂಗಿಯ ನೋವಿಗೆ ಕಣ್ಣೀರು ಹಾಕಿಸುವ ಮುನ್ನ, ಮೈಮೇಲೆ ಬಂದ ಗಂಡಸಿನ ನಡೆನುಡಿಗಳಿಂದ ಸಾಕಷ್ಟು ನಗಿಸಿಕೊಂಡಿರುತ್ತದೆ. ಇವನ್ನೆಲ್ಲ ಹೇಳುವುದೇ ವಿಮರ್ಶೆಯ ಕೆಲಸ. ಹೇಳಲು ಮೊದಲು ನೋಡಬೇಕು.

ಮೂರನೆಯ ಆಕ್ಷೇಪವನ್ನು ಯಾರೂ ಎತ್ತಿದಂತಿಲ್ಲ, ನಾನೇ ಎತ್ತಬೇಕಾಗಿದೆ. ದೆವ್ವದ ನ್ಯಾಯದಲ್ಲಿ ಆರೋಪಿಗೆ ಮಾತನಾಡುವ ಅವಕಾಶವಿಲ್ಲ, ತಪ್ಪಿಗೆ ತಕ್ಕ ಶಿಕ್ಷೆ ಎಂಬ ಅಳತೆಯಿಲ್ಲ, ಮೇಲ್ಮನವಿಯಿಲ್ಲ. ಕಲ್ಲು ಸರಿಸಿದವನಿಗೂ ಕೊಲೆ ಮಾಡಿದವನಿಗೂ ಅಲ್ಲಿ ಒಂದೇ ಶಿಕ್ಷೆ. ಕತ್ತಲೆಯ ಸಭಾಂಗಣದಲ್ಲಿ ಇದಕ್ಕೆ ಚಪ್ಪಾಳೆ ಹೊಡೆಯುವ ಅಭ್ಯಾಸ ಬೆಳಕಿನಲ್ಲಿಯೂ ಮುಂದುವರಿದರೆ? 2019ರ ಡಿಸೆಂಬರಿನಲ್ಲಿ ಹೈದರಾಬಾದಿನ ಬಳಿ ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಕ್ಕಿ ಕೊಂದಾಗ ಜನ ಆ ಪೊಲೀಸರ ಮೇಲೆ ಹೂವಿನ ಎಸಳುಗಳನ್ನು ಚೆಲ್ಲಿದರು. ಸರ್ವೋಚ್ಚ ನ್ಯಾಯಾಲಯ ನೇಮಿಸಿದ ಆಯೋಗವು 2022ರಲ್ಲಿ ಬಹಿರಂಗವಾದ ತನ್ನ ವರದಿಯಲ್ಲಿ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಯಿತೆಂದು ಹೇಳಿತು. ಸಿನಿಮಾ ಇದಕ್ಕೆ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಕೋರ್ಟಿಗೆ ಕಾಯಲೊಲ್ಲದ ಆ ಮನಸ್ಸು ಹೇಗೆ ರೂಪುಗೊಂಡಿತು ಎಂದು ತಿಳಿಯಬೇಕಾದರೆ ಪತ್ರಿಕೆಗಳ ಸಂಪಾದಕೀಯಗಳು ಸಾಲವು. ಸುಳ್ಳು ದೆವ್ವದ ಚಿತ್ರಗಳ ಜೊತೆಗೆ ನಿಜ ದೆವ್ವದ ಚಿತ್ರಗಳನ್ನು ಇಟ್ಟು ನೋಡಿದರೆ, ಪೊಲೀಸ್ ಜೀಪಿಗಾಗಿ ಕಾಯುವುದನ್ನು ಜನ ಯಾವಾಗ, ಏಕೆ ನಿಲ್ಲಿಸಿದರು ಎಂಬುದರ ಸುಳಿವು ಸಿಕ್ಕೀತು. ಈ ಚಿತ್ರಗಳನ್ನು ಕಾಪಾಡಬೇಕೆಂದು ನಾನು ವಾದಿಸುವುದು ಅವು ಉತ್ತಮ ಕಲಾಕೃತಿಗಳೆಂದಲ್ಲ. ನಮ್ಮ ಬಗೆಗೆ ನಾವು ಬೇರೆಲ್ಲೂ ಒಪ್ಪಿಕೊಳ್ಳದ ಸತ್ಯಗಳನ್ನು ಅವು ಹಿಡಿದಿಟ್ಟಿವೆ ಎಂದು.

6

ಕಾಪಾಡುವ ಕೆಲಸ ವಿಶ್ವವಿದ್ಯಾಲಯದ್ದೇ ಏಕಾಗಬೇಕು? ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾಲಯ 1960ರಲ್ಲಿ ತನ್ನದೇ ಚಿತ್ರಭಂಡಾರವನ್ನು ಸ್ಥಾಪಿಸಿತು. ಅಲ್ಲಿಯ ಸರಕಾರಿ ಚಿತ್ರಭಂಡಾರ 1982ರಲ್ಲಿ ಬೆಂಕಿಗೆ ಆಹುತಿಯಾಗಿ ಸಾವಿರಾರು ಚಿತ್ರಗಳು ನಾಶವಾದಾಗ, ಸಂಗ್ರಹ ಒಂದೇ ಕಡೆ ಇರಬಾರದೆಂಬ ವಿವೇಕದ ಬೆಲೆ ತಿಳಿಯಿತು. ಮುಸುಕಿನ ಜಟ್ಟಿಯ ಅಗ್ಗದ ಚಿತ್ರಗಳ ಮೂಲಪ್ರತಿಗಳನ್ನು ಉಳಿಸುವ ಕೆಲಸಕ್ಕೆ ಚಿತ್ರೋದ್ಯಮದ ಮನೆತನವೊಂದರ ವಿವಿಯಾನಾ ಗಾರ್ಸಿಯಾ ಬೆಸ್ನೆ ಎಂಬುವರು ನಿಂತರು. ಹೀಗೆ ಜೀರ್ಣೋದ್ಧಾರಗೊಂಡ ಸಾಂತೋ ಚಿತ್ರವೊಂದು 2018ರ ಬರ್ಲಿನ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ನಮ್ಮ ಸ್ಥಿತಿಯಾದರೋ, ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' (1934)ದ ಒಂದು ಪ್ರತಿಯೂ ಲಭ್ಯವಿಲ್ಲ. ಮೊದಲನೆಯದರ ಗತಿಯೇ ಹೀಗಾದ ಮೇಲೆ, ಮೂರನೆಯ ದರ್ಜೆಯದೆಂದು ಕರೆಸಿಕೊಂಡ ಚಿತ್ರದ ಡಬ್ಬವನ್ನು ಯಾರು ಜೋಪಾನ ಮಾಡುತ್ತಾರೆ?

ಚೆನ್ನೈಗೆ ಇದು ಹೊಸ ಬಗೆಯ ಕೆಲಸವೂ ಅಲ್ಲ. ಮೆಕೆಂಜಿ ಕೂಡಿಸಿದ ಕನ್ನಡ ಕೈಫಿಯತ್ತುಗಳು ಈ ಊರಿನ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿ ಉಳಿದುದರಿಂದಲೇ ಮುಂದೆ ಎಂ. ಎಂ. ಕಲಬುರ್ಗಿ ಅವರ ಸಂಪಾದಕತ್ವದಲ್ಲಿ ಗ್ರಂಥರೂಪ ಪಡೆದವು. ಊರಗೌಡರ ಮನೆಯ ದಂತಕಥೆಗಳೆಂದು ಒಮ್ಮೆ ಉಪೇಕ್ಷೆಗೊಂಡ ಬರಹಗಳು ಇಂದು ಚರಿತ್ರೆಯ ಆಕರಗಳು. ಕಿಟೆಲ್ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿದ್ದೂ, ಮದರಾಸು ವಿಶ್ವವಿದ್ಯಾಲಯ ಅದನ್ನು 1968ರಿಂದ ಸಂಪುಟಗಳಲ್ಲಿ ಪ್ರಕಟಿಸಿದ್ದೂ ಇಲ್ಲಿಯೇ. ನಿಘಂಟುಕಾರನಿಗೆ ಮೇಲಿನ ಪದ, ಕೀಳು ಪದ ಎಂಬ ಭೇದವಿಲ್ಲ. ಬಳಕೆಯಲ್ಲಿದ್ದರೆ ಸಾಕು, ಪದಕ್ಕೆ ಸ್ಥಾನವುಂಟು. ಆ ಧರ್ಮವನ್ನು ಸಿನಿಮಾಕ್ಕೂ ಅನ್ವಯಿಸಿದರೆ ಸಾಕು.

ಮಾಡಬೇಕಾದುದು ದೊಡ್ಡ ಹಣದ ಕೆಲಸವೂ ಅಲ್ಲ. ಕೋಡಂಬಾಕಂ, ಸಾಲಿಗ್ರಾಮಗಳಲ್ಲಿ ಇನ್ನೂ ಇರುವ ಹಿರಿಯ ಛಾಯಾಗ್ರಾಹಕರು, ಸಂಕಲನಕಾರರು, ಸೆಟ್ಟು ಕಟ್ಟಿದ ಬಡಗಿಗಳು, ಪ್ರಸಾಧನದವರು, ಸಂಭಾಷಣೆ ಪ್ರತಿ ಮಾಡಿದವರನ್ನು ಮಾತನಾಡಿಸಿ ದಾಖಲಿಸಬೇಕು. ಇವರಲ್ಲಿ ಅನೇಕರು ಕನ್ನಡಿಗರಲ್ಲದಿದ್ದರೂ ಕನ್ನಡ ಚಿತ್ರಗಳಿಗೆ ದುಡಿದವರು. ಅವರೊಡನೆ ತಮಿಳಿನಲ್ಲಿ ಮಾತನಾಡಿ ಕನ್ನಡದಲ್ಲಿ ಬರೆಯಬಲ್ಲ ವಿದ್ಯಾರ್ಥಿಗಳು ಬೇರೆಲ್ಲಿಗಿಂತಲೂ ಇಲ್ಲಿ ಸಿಗುತ್ತಾರೆ. ಒಂದೇ ಕಥೆಯ ತಮಿಳು, ತೆಲುಗು, ಕನ್ನಡ ರೂಪಗಳ ತೌಲನಿಕ ಅಧ್ಯಯನಕ್ಕೂ ಇದೇ ತಕ್ಕ ಸ್ಥಳ.

ಎಲ್ಲಕ್ಕಿಂತ ಮೊದಲು ಮಾಡಬೇಕಾದುದು ಹಾಡಿನ ಪುಸ್ತಕಗಳ ಸಂಗ್ರಹ. ಚಿತ್ರಮಂದಿರದ ಬಾಗಿಲಲ್ಲಿ ಕೆಲವು ಕಾಸಿಗೆ ಮಾರುತ್ತಿದ್ದ ಆ ಪುಸ್ತಿಕೆಗಳಲ್ಲಿ ಕಥಾಸಾರವೂ ಇರುತ್ತಿತ್ತು. ಪ್ರತಿ ನಾಶವಾದ ಎಷ್ಟೋ ಚಿತ್ರಗಳಿಗೆ ಈಗ ಅದೊಂದೇ ಆಕರ. ಆದರೆ ಆ ಕಥಾಸಾರ ಒಂದು ಹಂತಕ್ಕೆ ಬಂದು, ಮುಂದೇನಾಯಿತೆಂಬುದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂದು ಹೇಳಿ ನಿಂತುಬಿಡುವುದು ವಾಡಿಕೆ. ಬಂಗಲೆಯಲ್ಲಿ ಕೊಲೆಯಾಯಿತು, ಬಿಳಿಯ ಸೀರೆಯ ಹೆಂಗಸು ಕಾಣಿಸಿಕೊಂಡಳು ಎನ್ನುವಷ್ಟು ತಿಳಿಯುತ್ತದೆ. ಅವಳು ವೇಷವೋ ಪ್ರೇತವೋ, ಕೊನೆಗೆ ಬಂದದ್ದು ಪೊಲೀಸರೋ ಅವಳೋ ಎಂಬುದು ತಿಳಿಯುವುದಿಲ್ಲ. ಈ ಲೇಖನ ಎತ್ತಿದ ಪ್ರಶ್ನೆಗೆ ಉತ್ತರವಿರುವುದು ಆ ಕೊನೆಯ ರೀಲಿನಲ್ಲಿ. ಬೆಳ್ಳಿತೆರೆಯ ಮೇಲೆ ನೋಡಲು ಆ ರೀಲು ಈಗ ಉಳಿದಿಲ್ಲ. ಆದರೆ ಅದನ್ನು ನೋಡಿದವರು, ಕತ್ತರಿಸಿ ಅಂಟಿಸಿದವರು ಕೆಲವರಾದರೂ ಈ ಊರಿನಲ್ಲಿದ್ದಾರೆ. ಅವರಿಗೂ ನಾವು 'ನಾಳೆ ಬಾ' ಎನ್ನುವಂತಿಲ್ಲ.